ಐರಿಷ್ ವೀರಕಥೆಯಲ್ಲಿ ಅಲೌಕಿಕದ ಸ್ಥಾನ

ವೀರಕಥೆಗಳಿಂದ ದೇವತೆಗಳನ್ನೂ ಮಾಯೆಯನ್ನೂ ಸೋಸಿ ತೆಗೆದರೆ ಉಳಿಯುವುದು ಇತಿಹಾಸವೆಂಬ ನಂಬಿಕೆ ನಮ್ಮ ಶಾಸ್ತ್ರದಲ್ಲಿ ಬಹುಕಾಲದಿಂದ ಬೇರೂರಿದೆ. ಕೆಲ್ಟಿಕ್ ಕಥೆಗಳ ಮಟ್ಟಿಗೆ ಇದಕ್ಕೆ ಅತ್ಯಂತ ಸಂಯಮದ ರೂಪವನ್ನು ಕೊಟ್ಟವರು ಕೆನೆತ್ ಜ್ಯಾಕ್ಸನ್. 1964ರ ತಮ್ಮ ಉಪನ್ಯಾಸದಲ್ಲಿ ಅವರು ಐರ್ಲೆಂಡಿನ ಅಲ್ಸ್ಟರ್ ಕಥಾಚಕ್ರವನ್ನು ಕಬ್ಬಿಣಯುಗದ ಕಡೆಗೆ ತೆರೆದ ಕಿಟಕಿಯೆಂದು ಕರೆದರು. ಪಾತ್ರಗಳು ಐತಿಹಾಸಿಕವೆಂದು ಅವರು ವಾದಿಸಲಿಲ್ಲ. ರಥಯುದ್ಧ, ಶಿರಚ್ಛೇದ, ಔತಣದಲ್ಲಿ ವೀರನ ಪಾಲಿಗಾಗಿ ನಡೆಯುವ ಕಲಹ ಮೊದಲಾದ ಆಚಾರಗಳು ಮಾತ್ರ ಪ್ರಾಚೀನವೆಂದರು. ಆದರೆ 1980ರ ದಶಕದಲ್ಲಿ ಮ್ಯಾಲರಿಯವರು ಕಥೆಗಳಲ್ಲಿ ವರ್ಣಿತವಾದ ಖಡ್ಗಗಳನ್ನು ಉತ್ಖನನದಲ್ಲಿ ದೊರೆತವುಗಳೊಡನೆ ಹೋಲಿಸಿದಾಗ, ಅವು ಐರ್ಲೆಂಡಿನ ಕಬ್ಬಿಣಯುಗದ ಗಿಡ್ಡ ಖಡ್ಗಗಳಿಗಿಂತ ಮಧ್ಯಯುಗಾರಂಭದ ಆಯುಧಗಳಿಗೇ ಹೆಚ್ಚು ಒಪ್ಪುವುದು ಕಂಡುಬಂತು. ಸೋಸಿ ಉಳಿಸಿಕೊಂಡ ಲೌಕಿಕಾಂಶವೇ ಹೀಗೆ ಸಡಿಲವಾದ ಮೇಲೆ, ಚೆಲ್ಲಿದ ಭಾಗವನ್ನು ಮತ್ತೊಮ್ಮೆ ನೋಡುವುದು ಯುಕ್ತವೆಂದು ನಮಗೆ ತೋರುತ್ತದೆ.

ಈ ಚಕ್ರದ ಪ್ರಧಾನ ಕಥೆ ‘ಟಾನ್ ಬೋ ಕೂಲ್ನ್ಯ’. ಕೂಲ್ನ್ಯ ಪ್ರಾಂತದ ತುರುಗೋಳ್ ಎಂದು ಇದರ ಅರ್ಥ. ನಮ್ಮ ವೀರಗಲ್ಲುಗಳ ಈ ಮಾತಿಗಿಂತ ಒಪ್ಪುವ ಅನುವಾದ ತೋಚದು. ಅಲ್ಸ್ಟರಿನ ಕಂದು ಗೂಳಿಯನ್ನು ಹಿಡಿದೊಯ್ಯಲು ಕೊನಾಕ್ಟಿನ ರಾಣಿ ಮೇವ್ ದಂಡೆತ್ತಿ ಬರುತ್ತಾಳೆ. ಆ ವೇಳೆಗೆ ಅಲ್ಸ್ಟರಿನ ವೀರರೆಲ್ಲ ಮಾಖಾ ಎಂಬವಳ ಶಾಪಕ್ಕೆ ಸಿಕ್ಕಿ, ಹೆರಿಗೆಯ ನೋವಿನಂಥ ನೋವಿನಿಂದ ಮಲಗಿದ್ದಾರೆ. ಶಾಪ ತಟ್ಟದ ಹದಿನೇಳರ ಹರೆಯದ ಕೂ ಖುಲಿನ್ ಒಬ್ಬನೇ ಹೊಳೆ ಹಾಯುವ ತಾಣಗಳಲ್ಲಿ ನಿಂತು ದಂಡನ್ನು ತಡೆಯುತ್ತಾನೆ. ಶಾಪವನ್ನು ತೆಗೆದುಹಾಕಿದರೆ ಒಂಟಿ ವೀರನೂ ಇಲ್ಲ, ಕಥೆಯೂ ಇಲ್ಲ.

ದೈವವು ವೀರನ ಹಿರಿಮೆಯನ್ನು ಹೆಚ್ಚಿಸಲೆಂದು ಬರುತ್ತದೆಯೆಂಬ ಸಾಮಾನ್ಯ ಅಭಿಪ್ರಾಯವೂ ಇಲ್ಲಿ ನಿಲ್ಲುವುದಿಲ್ಲ. ಯುದ್ಧದೇವತೆ ಮೋರಿಗನ್, ಅವನು ನೀರಿನಲ್ಲಿ ನಿಂತು ಕಾದುತ್ತಿರುವಾಗ ಹಾವುಮೀನಾಗಿ ಕಾಲಿಗೆ ಸುತ್ತಿಕೊಳ್ಳುತ್ತಾಳೆ. ತೋಳವಾಗಿಯೂ ಕೆಂಪು ಕಡಸಾಗಿಯೂ ಬಂದು ಕಾಡುತ್ತಾಳೆ. ಮಿತ್ರದೈವದ ಪ್ರಸಂಗ ಇನ್ನೂ ಕಠೋರವಾದುದು. ಗಾಯಗಳಿಂದ ಬಳಲಿದ ಮಗನನ್ನು ಲೂಗ್ ದೇವನು ಮೂರು ಹಗಲು ಮೂರು ರಾತ್ರಿ ಮಲಗಿಸಿ, ಗಾಯಗಳನ್ನು ಮಾಯಿಸಿ, ತಾನೇ ಕಾವಲು ನಿಲ್ಲುತ್ತಾನೆ. ಅದೇ ಅವಧಿಯಲ್ಲಿ ಅಲ್ಸ್ಟರಿನ 150 ಮಂದಿ ಬಾಲಕರು ಅವನ ನೆರವಿಗೆಂದು ಬಂದು, ಹೋರಾಡಿ, ಹತರಾಗುತ್ತಾರೆ. ಎಚ್ಚೆತ್ತವನಿಗೆ ಮೈಯಲ್ಲಿ ನೋವಿಲ್ಲ. ಆದರೆ ಜೊತೆಯಲ್ಲಿ ಆಡಿ ಬೆಳೆದ ಹುಡುಗರಿಲ್ಲ. ಅಂಗಾಂಗಗಳು ತಿರುಚಿಕೊಂಡು ಆಕೃತಿಯೇ ವಿಕಾರಗೊಳ್ಳುವ ಅವನ ಪ್ರಸಿದ್ಧ ಕ್ರೋಧಾವೇಶ ಬರುವುದು ಈ ಸುದ್ದಿಯ ಬೆನ್ನಿಗೆ. ವಿಚಾರವಾದಿಗಳು ಅಸಂಬದ್ಧವೆಂದು ಮೊದಲು ಕತ್ತರಿಸುವುದು ಇದೇ ವರ್ಣನೆಯನ್ನು. ಅವರು ಅದರ ಹಿಂದಿನ ಪುಟವನ್ನು ಗಮನಿಸಿದಂತೆ ಕಾಣುವುದಿಲ್ಲ. ದೈವಕೃಪೆಯ ಬೆಲೆಯನ್ನು ಮಕ್ಕಳು ತೆತ್ತರೆಂಬ ದುಃಖಕ್ಕೆ ಮನುಷ್ಯದೇಹ ಸಾಲದೆ ಹೋದುದೇ ಅಲ್ಲಿಯ ವಿಕಾರವೆಂದು ನಮ್ಮ ಎಣಿಕೆ.

ಅವನ ಮರಣದ ಕಥೆ ಬೇರೆ. ಅಲ್ಲಿಯೂ ಅಲೌಕಿಕವು ಶಕ್ತಿಯಾಗಿ ಬಾರದೆ ಕಟ್ಟುಪಾಡಾಗಿ ಬರುತ್ತದೆ: ಹೆಸರಿನಲ್ಲಿಯೇ ‘ನಾಯಿ’ಯನ್ನು ಹೊತ್ತವನು ನಾಯಿಯ ಮಾಂಸವನ್ನು ತಿನ್ನಲಾಗದು, ಒಲೆಯ ಬಳಿಗೆ ಬಂದು ಉಣ್ಣದೆ ಮುಂದೆ ಹೋಗಲೂ ಆಗದು. ದಾರಿಯಲ್ಲಿ ಮುದುಕಿಯರು ಬೇಯಿಸುತ್ತಿರುವುದು ನಾಯಿಯನ್ನೇ.

ಈ ತೊಡಕು ಆಧುನಿಕರದು ಮಾತ್ರವಲ್ಲ. 12ನೆಯ ಶತಮಾನದ ಲೆನ್‌ಸ್ಟರ್ ಗ್ರಂಥದಲ್ಲಿ ‘ಟಾನ್’ ಮುಗಿದೊಡನೆ, ಇದನ್ನು ವ್ಯತ್ಯಾಸವಿಲ್ಲದೆ ಕಂಠಸ್ಥ ಮಾಡುವವರಿಗೆ ಐರಿಷ್ ಭಾಷೆಯಲ್ಲಿ ಆಶೀರ್ವಾದವಿದೆ. ಅದರ ಕೆಳಗೇ ಲ್ಯಾಟಿನ್ನಿನಲ್ಲಿ, ಕಥೆಯ ಕೆಲವು ಸಂಗತಿಗಳನ್ನು ತಾನು ನಂಬಲಾರೆನೆಂಬ ಲಿಪಿಕಾರನ ಮಾತಿದೆ. ಕೆಲವು ಪಿಶಾಚಿಗಳ ವಂಚನೆ, ಕೆಲವು ಕವಿಕಲ್ಪನೆ, ಕೆಲವು ಸಂಭಾವ್ಯ, ಕೆಲವು ಅಸಂಭಾವ್ಯ, ಕೆಲವು ಮೂಢರ ವಿನೋದಕ್ಕಾಗಿ ಎಂದು ಆತ ವಿಂಗಡಿಸುತ್ತಾನೆ. ಯಾವ ಭಾಗ ಯಾವ ವರ್ಗಕ್ಕೆ ಸೇರುತ್ತದೆಂದು ಮಾತ್ರ ಆತ ಹೇಳಿಲ್ಲ.