ಹೆಸರು ಬರೆಯುವ ಹುಡುಗ

ನಮ್ಮ ಅಕ್ಕನ ಮೊಮ್ಮಗ ಪಟ್ಟಣದ ಒಂದು ಕಾನ್ವೆಂಟಿನಲ್ಲಿ ಆರನೆಯ ಇಯತ್ತೆ ಓದುತ್ತಾನೆ. ಹೋದ ದೀಪಾವಳಿ ಸೂಟಿಗೆ ಸತ್ತಿಗೆ ಬಂದಾಗ ಪಾಟೀಚೀಲವನ್ನೂ ಹೊತ್ತು ತಂದಿದ್ದ. ಇಪ್ಪತ್ತೆಂಟು ವರ್ಷ ವಹಿ ತಿದ್ದಿದ ಕೈ ಸುಮ್ಮನಿದ್ದೀತೆ? ಅವನು ಕಬ್ಬು ತಿನ್ನಲು ಹಿತ್ತಲಿಗೆ ಹೋದಾಗ ಒಂದೊಂದಾಗಿ ತೆಗೆದು ನೋಡಿದೆ.

ಮೊದಲು ಒಳ್ಳೆಯದನ್ನೇ ಹೇಳಬೇಕು. ಪುಟಪುಟಕ್ಕೂ ಅಂಚಿನ ಗೆರೆ, ತಾರೀಖು, ಚಿತ್ತಿಲ್ಲದ ಬರಹ. ಭಿನ್ನರಾಶಿಯ ಲೆಕ್ಕಗಳಲ್ಲಿ ಒಂದು ಮೆಟ್ಟಿಲೂ ತಪ್ಪಿರಲಿಲ್ಲ. ಟೀಚರು ಕೆಂಪು ಶಾಯಿಯಲ್ಲಿ ತಿದ್ದಿದ್ದಷ್ಟೇ ಅಲ್ಲ, ತಿದ್ದಿದ್ದನ್ನು ಮತ್ತೆ ಬರೆಸಿದ್ದರು. ನನ್ನ ಏಳನೆಯ ಇಯತ್ತೆಯ ಮಕ್ಕಳು ಇಂಗ್ಲಿಷಿನಲ್ಲಿ ಓದಲು ತಡವರಿಸುವ ಪುಟವನ್ನು ಇವನು ಸರಾಗವಾಗಿ ಓದುತ್ತಾನೆ. ಪಾಲಕರು ಸಾಲ ಮಾಡಿಯಾದರೂ ಅಲ್ಲಿಗೆ ಯಾಕೆ ಕಳಿಸುತ್ತಾರೆ ಎಂದು ನಾನು ಕೇಳುವಂತಿಲ್ಲ.

ಊರಲ್ಲಿ ಕೆಲವರಿಗೆ ಬೇರೊಂದು ಅಂಜಿಕೆ: ‘ಅಲ್ಲಿ ಹುಡುಗರ ಧರ್ಮ ಕೆಡಿಸ್ತಾರ.’ ನಾನು ಹಾಗೇನೂ ಕಾಣಲಿಲ್ಲ. ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದವರಿಗೆ ನೀತಿಪಾಠ. ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆ ಯಾವ ಮಗುವನ್ನೂ ಪಾಲಕರ ಒಪ್ಪಿಗೆಯಿಲ್ಲದೆ ಧರ್ಮಬೋಧನೆಗೆ ಕೂಡಿಸಬಾರದೆಂದು ಸಂವಿಧಾನದ 28ನೆಯ ವಿಧಿಯೇ ಹೇಳುತ್ತದೆ. ಅವನ ನೀತಿಪಾಠದ ಪುಸ್ತಕದಲ್ಲಿ ಇದ್ದದ್ದು ಸತ್ಯ, ಸ್ನೇಹ, ಕ್ಷಮೆ. ಯಾರು ಬೇಡವೆಂದಾರು?

ನನ್ನನ್ನು ನಿಲ್ಲಿಸಿದ್ದು ಚೀಲದ ತಳದಲ್ಲಿದ್ದ ಸಣ್ಣ ವಹಿ. ಅದರ ತುಂಬ ಹೆಸರುಗಳು, ಮುಂದೆ ಗೀಟುಗಳು. ಮೊದಲ ಹೆಸರು ಅವನ ಓಣಿಯ ಗೆಳೆಯನದೇ.

‘ಇದೇನೋ?’

‘ಕನ್ನಡ ಮಾತಾಡಿದವರ ಹೆಸರು ಅಜ್ಜಿ. ನಾ ಮಾನಿಟರ್ ಅದೀನಿ. ಒಂದು ಗೀಟಿಗೆ ಹತ್ತು ರೂಪಾಯಿ ದಂಡ.’

‘ನೀನ ಮಾತಾಡಿದ್ರ?’

‘ಬರಿಯಾಂವ ನಾನ ಅಲ್ಲಾ!’ ಎಂದು ನಕ್ಕ.

ಆ ನಗೆ ನನಗೆ ರಾತ್ರಿಯಿಡೀ ನಿದ್ದೆ ಕೊಡಲಿಲ್ಲ. ನೀತಿಪಾಠಕ್ಕೆ ವಾರದಲ್ಲಿ ಎಲ್ಲೋ ಒಂದೆರಡು ತಾಸು. ಈ ವಹಿಯ ಪಾಠ ದಿನವೆಲ್ಲ. ಸ್ನೇಹದ ಬಗ್ಗೆ ಹತ್ತಕ್ಕೆ ಹತ್ತು ಅಂಕ ಪಡೆದ ಹುಡುಗ ಗೆಳೆಯನ ಮೇಲೆ ಚಾಡಿ ಬರೆಯುವುದನ್ನು ಕಲಿತಿದ್ದಾನೆ. ಬರೆಯುವವನ ಹೆಸರು ಬರೆಯಲ್ಪಡುವುದಿಲ್ಲ ಎಂಬುದನ್ನೂ ಕಲಿತಿದ್ದಾನೆ.

ಇದು ಕ್ಯಾಥೊಲಿಕ್ ಪರಂಪರೆಯ ಪಾಠವೆಂದು ನಾನು ಒಪ್ಪಲಾರೆ. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ಈ ಸೀಮೆಯ ಜನರ ಬಾಯಲ್ಲಿದ್ದ ಓವಿಯ ಮಟ್ಟಿನಲ್ಲೇ, ಮರಾಠಿಯಲ್ಲಿ, ‘ಕ್ರಿಸ್ತಪುರಾಣ’ ಬರೆದ. ಅದು ಅಚ್ಚಾದದ್ದು 1616ರಲ್ಲಿ. ಕಲಿಸಲು ಬಂದವನು ಮೊದಲು ತಾನು ಕಲಿತ. ತಂದೆತಾಯಿಗಳೇ ಮಕ್ಕಳ ಮೊದಲ ಗುರುಗಳೆಂದು 1965ರ ವ್ಯಾಟಿಕನ್ ಮಹಾಸಭೆಯ ಶಿಕ್ಷಣ ಘೋಷಣೆಯೂ ಸಾರಿತು. ಹಾಗಾದರೆ ಮೊದಲ ಗುರುವಿನ ನುಡಿಗೆ ದಂಡ ಯಾಕೆ? ಪ್ರಾಥಮಿಕ ಶಾಲೆಯ ಮೊದಲ ನಾಲ್ಕು ತರಗತಿಗಳಿಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವೆಂದು 1994ರಲ್ಲಿ ಕರ್ನಾಟಕ ಸರಕಾರ ಮಾಡಿದ್ದ ಕಡ್ಡಾಯವನ್ನು ಸುಪ್ರೀಂ ಕೋರ್ಟು 6 ಮೇ 2014ರಂದು ತಳ್ಳಿಹಾಕಿತು. ಇರಲಿ. ಅದು ಮಾಧ್ಯಮವನ್ನು ಆರಿಸುವ ಹಕ್ಕಿನ ಮಾತು. ಮಧ್ಯಾಹ್ನ ರೊಟ್ಟಿ ತಿನ್ನುವಾಗ ‘ಪಲ್ಯೆ ಕೊಡು’ ಎಂದವನ ಹೆಸರಿಗೆ ಗೀಟೆಳೆಯುವ ಹಕ್ಕನ್ನು ಯಾರೂ ಕೇಳಿರಲಿಲ್ಲ.

ಇಷ್ಟು ಬರೆದು ಲೇಖನಿ ಕೆಳಗಿಡಬಹುದಿತ್ತು. ಆದರೆ ನನ್ನ ವರ್ಗವೂ ನೆನಪಾಯಿತು. ಬಿಸಿಯೂಟದ ಲೆಕ್ಕ ಬರೆಯಲು ಹೋಗುವಾಗ ನಾನೂ ಒಬ್ಬ ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟು, ‘ಮಾತಾಡಿದವರ ಹೆಸರು ಬರಿ’ ಎಂದು ಹೇಳುತ್ತಿದ್ದೆ. ವರ್ಷಗಳ ಹಿಂದೆ ಒಂದು ದಿನ ತಿರುಗಿ ಬಂದಾಗ ಹಲಗೆಯ ಮೇಲೆ ಒಂದೇ ಹೆಸರಿತ್ತು. ಅದು ಅವಳದೇ. ‘ಸುಮ್ಮ ಕೂಡ್ರಿ ಅಂತ ನಾನ ಒದರಿದ್ನಿ ಅಕ್ಕೋರ’ ಎಂದಳು. ವರ್ಗ ನಕ್ಕಿತು. ನಾನು ‘ಭಾಳ ಶಾಣ್ಯಾಕಿ ಆಗಬ್ಯಾಡ’ ಎಂದು ಸೀಮೆಸುಣ್ಣ ಕಸಿದು ಮತ್ತೊಬ್ಬಳಿಗೆ ಕೊಟ್ಟೆ. ನೀತಿಪಾಠವನ್ನು ಬದುಕಿ ತೋರಿಸಿದ ಹುಡುಗಿಯನ್ನು ಕೆಲಸದಿಂದ ತೆಗೆದುಹಾಕಿದವಳು ನಾನು.

ಹತ್ತು-ಹನ್ನೆರಡರ ವಯಸ್ಸು ಹಾಗೆಯೇ. ಮಕ್ಕಳು ನಾವು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ, ನಾವು ಮಾಡಿಸಿದ್ದನ್ನು ಕಲಿಯುತ್ತಾರೆ.

ಸೂಟಿ ಮುಗಿದು ಹೊರಟಾಗ ಹುಡುಗನ ತಾಯಿಗೆ, ಶಾಲೆಯಲ್ಲಿ ಒಂದು ಮಾತು ಕೇಳು ಎಂದೆ. ‘ಕೇಳಿದ್ರ ಹುಡುಗನ್ನ ಬ್ಯಾರೆ ಕಣ್ಣಲೆ ನೋಡ್ತಾರ ಚಿಗವ್ವಾ’ ಎಂದಳು. ಅದು ಸುಳ್ಳೆಂದು ಹೇಳಲು ನನಗೆ ಬಾಯಿ ಬರಲಿಲ್ಲ, ನಾನೂ ಶಿಕ್ಷಕಿಯಲ್ಲವೆ? ವಹಿ ಚೀಲದಲ್ಲೇ ಹೋಯಿತು.

ನನ್ನ ವರ್ಗದಲ್ಲಿ ಮಾತ್ರ ಹೆಸರು ಬರೆಸುವುದನ್ನು ನಿಲ್ಲಿಸಿದ್ದೇನೆ. ನಾನು ಹೊರಗೆ ಹೋದಾಗ ಗದ್ದಲ ಮೊದಲಿಗಿಂತ ಹೆಚ್ಚಾಗಿದೆ. ಮುಖ್ಯಾಧ್ಯಾಪಕರು ಎರಡು ಸಲ ಕೇಳಿದ್ದಾರೆ.