ಪೇತ್ರನ ಉತ್ತರದಲ್ಲಿ ಯಾವ ಪ್ರೀತಿ?

ಇಂಗ್ಲಿಷಿನ ‘ಲವ್’ ಪದವನ್ನು ಸ್ಪ್ಯಾನಿಷಿಗೆ ತರುವವರಿಗೆ ಎರಡು ಕ್ರಿಯಾಪದಗಳು ಎದುರಾಗುತ್ತವೆ: ‘ಅಮಾರ್’ ಗಾಢ, ಗಂಭೀರ, ‘ಕೆರೇರ್’ ಮನೆಮಾತಿನ ಅಕ್ಕರೆ (‘ಬೇಕು’ ಎಂಬ ಅರ್ಥವೂ ಅದಕ್ಕುಂಟು). ಯೊವಾನ್ನನ ಶುಭಸಂದೇಶದ 21ನೆಯ ಅಧ್ಯಾಯವನ್ನು ತೆರೆದು ನೋಡಿ. ಗ್ರೀಕ್ ಮೂಲದಲ್ಲಿ ಪ್ರಭುಯೇಸು ಎರಡು ಬಾರಿ ‘ಅಗಪಾವೋ’ ಬಳಸಿ ಕೇಳುತ್ತಾರೆ. ಪೇತ್ರನು ‘ಫಿಲೇಯೋ’ ಎಂದೇ ಉತ್ತರಿಸುತ್ತಾನೆ. ಮೂರನೆಯ ಬಾರಿ ಪ್ರಭುವೇ ಪೇತ್ರನ ಪದಕ್ಕೆ ಇಳಿದು ಬರುತ್ತಾರೆ. ಇಂಗ್ಲಿಷಿನ ಬಹುಪಾಲು ಬೈಬಲುಗಳಲ್ಲಿ ಎಲ್ಲವೂ ‘ಲವ್’. 1960ರ ರೇಯ್ನಾ-ವಲೇರಾ ಸಹ ಎಲ್ಲೆಡೆ ‘ಅಮಾರ್’ ಇಟ್ಟು ಈ ಇಳಿತವನ್ನು ಮರೆಮಾಡಿತು. ಸ್ಪ್ಯಾನಿಷ್ ಜೆರುಸಲೇಮ್ ಬೈಬಲ್ ಪೇತ್ರನಿಗೆ ‘ಕೆರೇರ್’ ಕೊಟ್ಟಿತು. ಆ ಗ್ರೀಕ್ ಪದಗಳು ಸಮಾನಾರ್ಥಕಗಳೆನ್ನುವ ವಿದ್ವಾಂಸರಿದ್ದಾರೆ, ನಿಜ. ಆದರೂ ಎರಡನೆಯ ಅನುವಾದವೇ ನನಗೆ ಒಪ್ಪಿಗೆ: ಮೂರು ಬಾರಿ ತನ್ನ ಗುರುವನ್ನು ಅಲ್ಲಗಳೆದವನು ದೊಡ್ಡ ಪದವನ್ನಾಡಲು ಹಿಂಜರಿಯುವುದು ಅಲ್ಲಿ ಕಿವಿಗೆ ಬೀಳುತ್ತದೆ.