ಒಗಟು ಕತೆಯೊಳಗೇ ಹುಟ್ಟಿದಾಗ

ಕೈಚಳಕಕ್ಕಿಂತ ಬುದ್ಧಿಗೆ ಹೆಚ್ಚು ಕೆಲಸ ಕೊಟ್ಟು, ಒಗಟು ಬಿಡಿಸಿದಂತೆಲ್ಲ ಕತೆಯನ್ನು ಮುಂದಕ್ಕೆ ಒಯ್ಯುವ ಕಂಪ್ಯೂಟರ್ ಆಟಗಳನ್ನು ಸಾಹಸ ಆಟಗಳೆನ್ನುತ್ತಾರೆ. ತಡೆದು ನಿಲ್ಲಿಸುವುದು ಒಗಟಿನ ಸ್ವಭಾವ, ಮುಂದೇನಾಯಿತೆಂದು ಎಳೆದೊಯ್ಯುವುದು ಕತೆಯ ಸ್ವಭಾವ. ಇವೆರಡನ್ನೂ ಬೆಸೆಯುವುದೇ ಈ ಪ್ರಕಾರದ ಹಳೆಯ ತೊಡಕು. 1999ರ ‘ಗೇಬ್ರಿಯಲ್ ನೈಟ್ 3’ರಲ್ಲಿ, ಫ್ರಾನ್ಸಿನ ಹಳ್ಳಿಯೊಂದರಲ್ಲಿ ಗಂಭೀರ ರಹಸ್ಯವೊಂದರ ಬೆನ್ನುಹತ್ತಿದ ನಾಯಕ, ಮೋಟಾರ್‌ಸೈಕಲ್ ಬಾಡಿಗೆಗೆ ಪಡೆಯಲೆಂದು ಗೆಳೆಯನ ವೇಷ ಹಾಕಲು ಬೆಕ್ಕಿನ ಕೂದಲಿನಿಂದ ಮೀಸೆ ಮಾಡಿಕೊಂಡು, ಗೆಳೆಯನಿಗೆ ಮೀಸೆಯೇ ಇಲ್ಲವಾದ್ದರಿಂದ ಅವನ ಪಾಸ್‌ಪೋರ್ಟಿನ ಚಿತ್ರಕ್ಕೂ ಮೀಸೆ ಬರೆಯಬೇಕಾಗುತ್ತದೆ. ಈ ಕಸರತ್ತಿನಿಂದ ಪಾತ್ರವಾಗಲಿ ರಹಸ್ಯವಾಗಲಿ ಎಳ್ಳಷ್ಟೂ ತೆರೆದುಕೊಳ್ಳುವುದಿಲ್ಲ.

ಇದಕ್ಕೆ ಒಂಬತ್ತು ವರ್ಷ ಮೊದಲೇ, 1990ರಲ್ಲಿ, ರಾನ್ ಗಿಲ್ಬರ್ಟ್ ನೇತೃತ್ವದ ‘ದ ಸೀಕ್ರೆಟ್ ಆಫ್ ಮಂಕಿ ಐಲೆಂಡ್’ ಸರಿಯಾದ ದಾರಿ ತೋರಿತ್ತು. ಕಡಲ್ಗಳ್ಳನಾಗಲು ಹೊರಟ ಗೈಬ್ರಶ್ ಎಂಬ ಯುವಕನ ಕತ್ತಿವರಸೆಯಲ್ಲಿ ಗೆಲುವು ತೋಳ್ಬಲದ್ದಲ್ಲ, ಮೂದಲಿಕೆಗೆ ತಕ್ಕ ಮಾರುತ್ತರದ್ದು. ದಾರಿಯಲ್ಲಿ ಸಿಕ್ಕ ಕಡಲ್ಗಳ್ಳರ ಕೈಯಲ್ಲಿ ಸೋತು ಸೋತು ಆಟಗಾರ ಮಾತು ಕಲಿಯುತ್ತಾನೆ; ಹೈನುಗಾರನಂತೆ ಕಾದಾಡುತ್ತೀಯೆಂದು ಜರೆದವನನ್ನು ಹಸುವೆಂದು ಕರೆಯುವುದು ಅಂಥದೊಂದು ಪಾಠ. ಕೊನೆಗೆ ಎದುರಾಗುವ ಕತ್ತಿವರಸೆಯ ಗುರು ಮೈಯ ರಕ್ತವನ್ನೆಲ್ಲ ಕರೆದುಬಿಡುವೆನೆಂದು ಹೊಸ ಮೂದಲಿಕೆ ಎಸೆದಾಗ ಅದೇ ಹಸುವಿನ ಉತ್ತರವೇ ಅಲ್ಲಿಗೂ ಒಪ್ಪುತ್ತದೆಂದು ಹೊಳೆಯಬೇಕು. ಬಾಯಿಪಾಠ ಜಾಣ್ಮೆಯಾಗಿ ಮಾಗುವ ಆ ಕ್ಷಣದಲ್ಲಿ ನಾಯಕನೂ ಆಟಗಾರನೂ ಒಟ್ಟಿಗೇ ಬೆಳೆಯುತ್ತಾರೆ.

ಲೂಕಸ್ ಪೋಪ್ ಅವರ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ (2018) ಇನ್ನೂ ಒಂದು ಹೆಜ್ಜೆ ಮುಂದಿದೆ. 1807ರಲ್ಲಿ ಜೀವಂತರಿಲ್ಲದೆ ಮರಳಿದ ಹಡಗನ್ನು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ತಪಾಸಣೆ ಮಾಡುವ ಅಧಿಕಾರಿಗೆ, ಸತ್ತವರ ಕೊನೆಯ ಗಳಿಗೆಯನ್ನು ಸ್ತಬ್ಧಚಿತ್ರವಾಗಿ ತೋರಿಸುವ ಗಡಿಯಾರವೊಂದು ಸಿಗುತ್ತದೆ. ಭಾರತದ ನಾವಿಕರೂ ಸೇರಿ 60 ಮಂದಿಯ ಹೆಸರು ಮತ್ತು ಗತಿಯನ್ನು ಆತ ಪುಸ್ತಕದಲ್ಲಿ ತುಂಬಬೇಕು. ಹೆಚ್ಚಿನವರ ಹೆಸರನ್ನು ಯಾರೂ ನೇರವಾಗಿ ಹೇಳಿಕೊಡುವುದಿಲ್ಲ; ಉಡುಪು, ಉಚ್ಚಾರ, ಒಡನಾಟ, ಮಲಗುವ ತೂಗುಹಾಸಿಗೆಗೆ ಕಟ್ಟಿದ ಸಂಖ್ಯೆ, ಇವುಗಳಿಂದಲೇ ಊಹಿಸಬೇಕು. ಮೂವರ ವಿವರ ಸರಿಯಾಗುವವರೆಗೆ ಆಟ ಯಾವುದನ್ನೂ ಖಚಿತಪಡಿಸದಿರುವುದರಿಂದ ಅಡ್ಡಾದಿಡ್ಡಿ ಊಹೆಗೆ ಬೆಲೆಯಿಲ್ಲ. ಇಲ್ಲಿ ಕತೆಯನ್ನು ಅರ್ಥಮಾಡಿಕೊಳ್ಳುವುದೇ ಒಗಟು ಬಿಡಿಸುವುದು.

ಇದನ್ನು ಹೊಸದಾಗಿ ಆಡುವವರು ಸಿದ್ಧ ಉತ್ತರಗಳನ್ನು ದಯವಿಟ್ಟು ಹುಡುಕದಿರಲಿ. ಎಲ್ಲವೂ ತಿಳಿದ ಮೇಲೆ ಈ ಆಟವನ್ನು ಮೊದಲಿನಂತೆ ಮತ್ತೊಮ್ಮೆ ಆಡಲಾಗುವುದಿಲ್ಲ.